ಮಗುವಿಗಾಗಿ ಆರಿಸಿಕೊಂಡ ಬ್ರಾಂಚ್

ಎಂಜಿನಿಯರಿಂಗ್ ಸೇರಿದವರನ್ನು ನೆಂಟರಿಷ್ಟರು, ಅಕ್ಕಪಕ್ಕದವರು ಕೇಳುವ ಪ್ರಶ್ನೆ ಒಂದೇ. ಯಾವ ಬ್ರಾಂಚ್? ಅದನ್ನೇ ಯಾಕೆ ತಗೊಂಡೆ? ನಮ್ಮ ಉತ್ತರಗಳೂ ಹೆಚ್ಚುಕಡಿಮೆ ಸಿದ್ಧವಾಗಿಯೇ ಇರುತ್ತವೆ. ಸಿಇಟಿ ರ‍್ಯಾಂಕಿಗೆ ಅದೇ ಸಿಕ್ಕಿತು, ಪ್ಲೇಸ್‌ಮೆಂಟ್ ಚೆನ್ನಾಗಿದೆಯಂತೆ, ಮಾವ ಹೇಳಿದರು. ನಾನು ಎಲೆಕ್ಟ್ರಿಕಲ್ ತೆಗೆದುಕೊಂಡದ್ದು ಮೊದಲನೆಯ ಕಾರಣಕ್ಕೆ. ಈಗ ಮೂರನೇ ವರ್ಷದಲ್ಲಿದ್ದೇನೆ. ಯಾರಾದರೂ ಕೇಳಿದರೆ ಇವತ್ತಿಗೂ ಅದನ್ನೇ ಹೇಳುತ್ತೇನೆ.

1940ರಲ್ಲಿ ಮದ್ರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಇದೇ ಬ್ರಾಂಚ್ ಸೇರಿದ ಒಬ್ಬ ವಿದ್ಯಾರ್ಥಿನಿ ಇದ್ದರು. ಅವರ ಕಾರಣ ಬೇರೆಯೇ ಇತ್ತು. ಮನೆಯಲ್ಲಿ ಒಂದು ಪುಟ್ಟ ಹೆಣ್ಣುಮಗು ಇತ್ತು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವಂಥ ಕೆಲಸ ಅವರಿಗೆ ಬೇಕಿತ್ತು. ನಡುರಾತ್ರಿಯಲ್ಲಿ ಆ ಮಗುವನ್ನು ಬಿಟ್ಟು ಓಡಬೇಕಾದ ಕೆಲಸ ಬೇಡವಾಗಿತ್ತು.

ಅವರೇ ಅಯ್ಯಲಸೋಮಯಾಜುಲ ಲಲಿತಾ. ಭಾರತದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದವರು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಗೆಳೆಯರಿಗೆ ಈ ಹೆಸರು ದೇಶದ ಪ್ರಥಮಗಳ ಪಟ್ಟಿಯಲ್ಲಿ ಸಿಕ್ಕಿರಬಹುದು. ಅಲ್ಲಿ ಇರುವುದು ಒಂದೇ ಸಾಲು. ಆ ಸಾಲನ್ನು ಬಾಯಿಪಾಠ ಮಾಡಿ ಮುಂದೆ ಹೋಗುತ್ತೇವೆ. ಅದರ ಹಿಂದೆ ಒಬ್ಬ ತಾಯಿ, ಒಂದು ಮಗು ಮತ್ತು ಒಂದು ಇಡೀ ಮನೆ ಇತ್ತು ಎಂಬುದು ಆ ಪಟ್ಟಿಯಿಂದ ಗೊತ್ತಾಗುವುದಿಲ್ಲ. ನನಗೆ ಹೇಳಬೇಕಾಗಿರುವುದು ಆ ಮನೆಯ ಬಗ್ಗೆ.

ಹದಿನೈದಕ್ಕೆ ಮದುವೆ, ಹದಿನೆಂಟಕ್ಕೆ ವಿಧವೆ

ಲಲಿತಾ ಹುಟ್ಟಿದ್ದು 1919ರ ಆಗಸ್ಟ್ 27ರಂದು, ಮದ್ರಾಸಿನಲ್ಲಿ. ತೆಲುಗು ಮಾತನಾಡುವ ಮಧ್ಯಮ ವರ್ಗದ ಮನೆ. ಏಳು ಮಕ್ಕಳಲ್ಲಿ ಇವರು ಐದನೆಯವರು. ತಂದೆ ಪಪ್ಪು ಸುಬ್ಬರಾವ್ ಗಿಂಡಿ ಕಾಲೇಜಿನಲ್ಲೇ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರು. ಗಂಡುಮಕ್ಕಳು ಎಂಜಿನಿಯರಿಂಗ್ ಓದಿದರು. ಹೆಣ್ಣುಮಕ್ಕಳಿಗೆ ಒಂದಿಷ್ಟು ಶಾಲೆ, ಆಮೇಲೆ ಮದುವೆ. ಓದಿದವರ ಮನೆಗಳಲ್ಲೂ ಆಗಿನ ರೂಢಿ ಅದೇ ಆಗಿತ್ತು.

1934ರಲ್ಲಿ, ಹದಿನೈದನೇ ವಯಸ್ಸಿಗೆ, ಲಲಿತಾ ಅವರ ಮದುವೆಯಾಯಿತು. ನಮಗೆ ಇದು ಆಘಾತದಂತೆ ಕಾಣಬಹುದು. ಆದರೆ ಶಾರದಾ ಕಾಯ್ದೆಯ ಪ್ರಕಾರ ಆಗ ಹುಡುಗಿಯ ಮದುವೆಗೆ ಕನಿಷ್ಠ ವಯಸ್ಸು ಹದಿನಾಲ್ಕು. ಅಂದರೆ ಕಾನೂನಿನ ಲೆಕ್ಕದಲ್ಲಿ ಇದು ತಪ್ಪೇನೂ ಆಗಿರಲಿಲ್ಲ. ಮದುವೆಯಾದರೂ ಓದು ನಿಲ್ಲಬಾರದು ಎಂದು ತಂದೆ ಹಟ ಹಿಡಿದರು. ಹಾಗಾಗಿ ಲಲಿತಾ ಹತ್ತನೇ ತರಗತಿ ಮುಗಿಸಿದರು.

ಆಮೇಲೆ ಹೆಣ್ಣುಮಗು ಹುಟ್ಟಿತು. ಮಗುವಿಗೆ ನಾಲ್ಕು ತಿಂಗಳಾಗಿದ್ದಾಗ, 1937ರಲ್ಲಿ, ಗಂಡ ತೀರಿಕೊಂಡರು. ಲಲಿತಾಗೆ ಆಗ ಹದಿನೆಂಟು ವರ್ಷ. ನಾವು ಪಿಯುಸಿ ಮುಗಿಸಿ ಕೌನ್ಸೆಲಿಂಗ್‌ಗೆ ಆಪ್ಷನ್ ಎಂಟ್ರಿ ಮಾಡುವ ವಯಸ್ಸು.

ಆಗಿನ ಕಾಲದಲ್ಲಿ ವಿಧವೆಯಾಗುವುದೆಂದರೆ ಏನು ಎಂದು ನಮ್ಮ ಅಜ್ಜಿಯರನ್ನು ಕೇಳಿದರೆ ಗೊತ್ತಾಗುತ್ತದೆ. ಹೂವು, ಬಳೆ, ಕುಂಕುಮ ಹೋಗುತ್ತಿತ್ತು. ಮದುವೆ ಮುಂಜಿಗಳಲ್ಲಿ ಎದುರಿಗೆ ಬರಬಾರದಿತ್ತು. ಅನೇಕ ಮನೆಗಳಲ್ಲಿ ತಲೆ ಬೋಳಿಸುವ ಪದ್ಧತಿಯೂ ಇನ್ನೂ ಉಳಿದಿತ್ತು. ಮರುಮದುವೆಗೆ 1856ರಲ್ಲೇ ಕಾನೂನು ಬಂದಿದ್ದರೂ ಮನೆಗಳ ಒಳಗೆ ಅದು ಬಂದಿರಲಿಲ್ಲ. ಮಗನನ್ನು ಕಳೆದುಕೊಂಡ ಅತ್ತೆಯ ಸಂಕಟವೆಲ್ಲ ಸೊಸೆಯ ಮೇಲಿನ ಕೋಪವಾಗಿ ತಿರುಗಿತು. ಲಲಿತಾ ಮಗುವನ್ನು ಎತ್ತಿಕೊಂಡು ತವರಿಗೆ ಬಂದರು.

ಇಲ್ಲಿಂದ ಮುಂದೆ ಕಥೆ ಎರಡು ದಾರಿ ಹಿಡಿಯಬಹುದಿತ್ತು. ಮೊದಲನೆಯದು ಎಲ್ಲರಿಗೂ ಗೊತ್ತಿದ್ದದ್ದು. ತವರಿನ ಅಡುಗೆಮನೆಯಲ್ಲಿ ಅಣ್ಣಂದಿರ ಸಂಸಾರಕ್ಕೆ ದುಡಿಯುತ್ತ, ಮಗಳನ್ನು ಬೆಳೆಸುತ್ತ ಕಾಲ ಕಳೆಯುವುದು. ಎರಡನೆಯದು ಓದು. ಮದ್ರಾಸಿನಲ್ಲಿ ಆ ದಾರಿ ತೀರಾ ಹೊಸತಾಗಿರಲಿಲ್ಲ. ತಾವೇ ಬಾಲವಿಧವೆಯಾಗಿದ್ದ ಆರ್.ಎಸ್. ಸುಬ್ಬಲಕ್ಷ್ಮಿ 1911ರಲ್ಲೇ ಪದವಿ ಪಡೆದು, ತಮ್ಮಂಥ ಹುಡುಗಿಯರಿಗೆ ಹಾಸ್ಟೆಲ್ ಕಟ್ಟಿ, ಅವರನ್ನು ಓದಿಸಿ ಟೀಚರುಗಳನ್ನಾಗಿ ಮಾಡಿದ್ದರು. ಮದ್ರಾಸಿನ ಸಮುದ್ರ ತೀರದ ಐಸ್ ಹೌಸ್ ಕಟ್ಟಡದಲ್ಲಿ ಆ ಹಾಸ್ಟೆಲ್ ಇತ್ತು. ಅದರ ಹತ್ತಿರದಲ್ಲೇ ಹೆಣ್ಣುಮಕ್ಕಳ ಕ್ವೀನ್ ಮೇರೀಸ್ ಕಾಲೇಜು. ಲಲಿತಾ ಇಂಟರ್‌ಮೀಡಿಯೆಟ್ ಓದಲು ಸೇರಿದ್ದು ಆ ಕಾಲೇಜಿಗೆ. ಮುಗಿಸಿದ್ದು ಪ್ರಥಮ ದರ್ಜೆಯಲ್ಲಿ.

ಹಸುಗೂಸಿನ ಮನೆಯಲ್ಲಿ ಓದು

ಪ್ರಥಮ ದರ್ಜೆ ಎಂದು ಒಂದು ಪದದಲ್ಲಿ ಹೇಳಿಬಿಡುವುದು ಸುಲಭ. ಹಸುಗೂಸಿರುವ ಮನೆಯಲ್ಲಿ ಓದುವುದೆಂದರೆ ಏನು ಎನ್ನುವುದನ್ನು ನಾನು ಈ ವರ್ಷ ಕಣ್ಣಾರೆ ನೋಡುತ್ತಿದ್ದೇನೆ. ನಮ್ಮಕ್ಕ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ. ಬಾಣಂತನಕ್ಕೆ ಮನೆಗೆ ಬಂದವಳು ಇಲ್ಲೇ ಇದ್ದಾಳೆ. ಮಗುವಿಗೆ ಈಗ ಏಳು ತಿಂಗಳು.

ನಮ್ಮ ಮನೆಯ ದಿನ ಶುರುವಾಗುವುದು ಬೆಳಿಗ್ಗೆ ಅಲ್ಲ, ರಾತ್ರಿ. ಹನ್ನೊಂದಕ್ಕೆ ಮಗು ಮಲಗಿತು ಎಂದು ಅಕ್ಕ ಪುಸ್ತಕ ತೆರೆದರೆ ಹನ್ನೊಂದೂವರೆಗೆ ಅಳು. ಎತ್ತಿಕೊಂಡು, ಹಾಲು ಕೊಟ್ಟು, ಬೆನ್ನು ತಟ್ಟಿ ತೇಗಿಸಿ ಮಲಗಿಸುವಷ್ಟರಲ್ಲಿ ಹನ್ನೆರಡೂವರೆ. ಮತ್ತೆ ಎರಡಕ್ಕೆ. ಮತ್ತೆ ನಾಲ್ಕಕ್ಕೆ. ಆರಕ್ಕೆ ಅಮ್ಮ ನೀರೊಲೆ ಹಚ್ಚುತ್ತಾಳೆ. ಮಗುವಿಗೆ ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ಬಟ್ಟೆ ಸುತ್ತಿ ಕೊಟ್ಟರೆ ಅದು ನಿದ್ದೆ ಹೋಗುತ್ತದೆ. ಆ ಹೊತ್ತಿಗೆ ಅಕ್ಕನ ಬಸ್ಸು. ಅವಳು ಏಳೂವರೆಗೆ ಹೊರಟರೆ ವಾಪಸ್ ಬರುವುದು ಸಂಜೆ ಐದಕ್ಕೆ. ನಡುವೆ ರಾಗಿ ಸರಿ ತಿನ್ನಿಸುವುದು, ಒದ್ದೆ ಬಟ್ಟೆ ಬದಲಿಸುವುದು, ತೊಟ್ಟಿಲು ತೂಗುವುದು ಎಲ್ಲವೂ ಉಳಿದವರ ಪಾಲು. ಬೆಳಗಿನ ರಾಗಿ ಸರಿಯ ಡ್ಯೂಟಿ ನನ್ನದು. ನನ್ನ ಕಾಲೇಜು ಒಂಬತ್ತಕ್ಕೆ. ಒಂದು ಚಮಚ ಒಳಗೆ ಹೋದರೆ ಎರಡು ಚಮಚ ನನ್ನ ಅಂಗಿಯ ಮೇಲೆ.

ಅಕ್ಕ ಈ ವರ್ಷ ಓದು ಬಿಟ್ಟು, ಮಗು ದೊಡ್ಡದಾದ ಮೇಲೆ ನೋಡಿಕೊಂಡರಾಯಿತು ಎಂದು ಹೇಳುವವರು ಸುತ್ತ ಬಹಳ ಜನ ಇದ್ದಾರೆ. ಯಾರೂ ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ಪಾಪ, ಎಷ್ಟು ಕಷ್ಟ ಪಡುತ್ತಾಳೆ ಎಂಬ ಕನಿಕರದಿಂದಲೇ ಹೇಳುತ್ತಾರೆ. ಆದರೆ ಆಮೇಲೆ ನೋಡಿಕೊಂಡರಾಯಿತು ಎಂದು ನಿಂತ ಓದುಗಳಲ್ಲಿ ಎಷ್ಟು ಮತ್ತೆ ಶುರುವಾಗಿವೆ ಎಂದು ನಿಮ್ಮ ಕುಟುಂಬದಲ್ಲೇ ಒಮ್ಮೆ ಎಣಿಸಿ ನೋಡಿ. ನಮ್ಮ ಕುಟುಂಬದಲ್ಲಿ ಎಣಿಸಿದೆ. ಇಬ್ಬರು ಚಿಕ್ಕಮ್ಮಂದಿರು, ಒಬ್ಬ ಅತ್ತಿಗೆ. ಮೂವರಲ್ಲಿ ಒಬ್ಬರೂ ಕಾಲೇಜಿಗೆ ಮರಳಲಿಲ್ಲ.

ಅದಕ್ಕೇ ಲಲಿತಾ ಅವರ ಬದುಕನ್ನು ಓದುವಾಗ ನನ್ನ ಕಣ್ಣು ಅವರ ಅಂಕಪಟ್ಟಿಯ ಮೇಲಲ್ಲ, ಅವರ ಮಗುವಿನ ಮೇಲೆ ನಿಂತಿತು. ಅವರು ತರಗತಿಯಲ್ಲಿದ್ದಾಗ ಆ ಮಗು ಯಾರ ಕೈಯಲ್ಲಿತ್ತು?

ವೈದ್ಯಕೀಯ ಯಾಕೆ ಬೇಡವಾಯಿತು

ಇಂಟರ್‌ಮೀಡಿಯೆಟ್ ಆದಮೇಲೆ ಲಲಿತಾ ಅವರ ಮುಂದೆ ಇದ್ದ ಸಹಜ ಆಯ್ಕೆ ವೈದ್ಯಕೀಯ. ಆ ಹೊತ್ತಿಗೆ ಮದ್ರಾಸಿನಲ್ಲಿ ಹೆಣ್ಣುಮಕ್ಕಳು ಡಾಕ್ಟರಾಗುವುದು ಹೊಸತೇನೂ ಆಗಿರಲಿಲ್ಲ. ಹೆರಿಗೆ ಮಾಡಿಸಲು ಲೇಡಿ ಡಾಕ್ಟರ್ ಬೇಕು ಎಂಬುದನ್ನು ಮಡಿವಂತರೂ ಒಪ್ಪಿದ್ದರು. ಆದರೆ ಡಾಕ್ಟರ ಕೆಲಸಕ್ಕೆ ಹೊತ್ತುಗೊತ್ತಿಲ್ಲ. ಯಾರದೋ ಮಗು ಹುಟ್ಟುವ ಹೊತ್ತಿಗೆ ತಮ್ಮ ಮಗುವನ್ನು ಬಿಟ್ಟು ನಡುರಾತ್ರಿ ಎದ್ದು ಹೋಗಬೇಕು. ಲಲಿತಾ ಅವರಿಗೆ ಅದು ಬೇಡವಾಗಿತ್ತು. ತಂದೆ, ಅಣ್ಣಂದಿರು ಮಾಡುತ್ತಿದ್ದ ಎಂಜಿನಿಯರಿಂಗ್ ಅವರಿಗೆ ಚೆನ್ನಾಗಿ ಗೊತ್ತಿದ್ದ ಲೋಕ. ಅದರಲ್ಲಿ ಆಫೀಸಿಗೊಂದು ಹೊತ್ತಿತ್ತು. ಸಂಜೆ ಮನೆ ಇತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು ಎನಿಸುತ್ತದೆ. ಇಂಥ ಸಾಧಕಿಯರ ಬಗ್ಗೆ ಬರೆಯುವಾಗ ನಾವು ಮಗುವನ್ನು ಅಡ್ಡಿಗಳ ಪಟ್ಟಿಗೆ ಸೇರಿಸುತ್ತೇವೆ. ಬಡತನ, ವೈಧವ್ಯ, ಜೊತೆಗೆ ಒಂದು ಮಗು, ಇಷ್ಟೆಲ್ಲ ಇದ್ದರೂ ಗೆದ್ದರು ಎನ್ನುತ್ತೇವೆ. ಲಲಿತಾ ಅವರ ವಿಷಯದಲ್ಲಿ ಆ ಲೆಕ್ಕ ಸರಿಹೋಗುವುದಿಲ್ಲ. ಮಗು ಇಲ್ಲದಿದ್ದರೆ ಅವರು ಡಾಕ್ಟರಾಗಿರುತ್ತಿದ್ದರೋ ಏನೋ. ಮಗು ಇದ್ದದ್ದಕ್ಕೆ ಎಂಜಿನಿಯರಾದರು. ಗಂಡಸರಿಗಷ್ಟೇ ಎಂದು ಎಲ್ಲರೂ ಅಂದುಕೊಂಡಿದ್ದ ಕಾಲೇಜಿನ ಬಾಗಿಲನ್ನು ಅವರು ತಟ್ಟಿದ್ದರ ಹಿಂದೆ ಯಾವ ಘೋಷಣೆಯೂ ಇರಲಿಲ್ಲ. ಮಗಳ ಜೊತೆ ಇರಬೇಕು, ಮಗಳನ್ನು ತಾನೇ ದುಡಿದು ಸಾಕಬೇಕು ಎಂಬ ಎರಡು ಸಾಮಾನ್ಯ ಆಸೆಗಳಿದ್ದವು, ಅಷ್ಟೇ.

ಗಿಂಡಿ ಕಾಲೇಜು ದೇಶದ ಅತ್ಯಂತ ಹಳೆಯ ತಾಂತ್ರಿಕ ಶಿಕ್ಷಣ ಸಂಸ್ಥೆಗಳಲ್ಲಿ ಒಂದು. 1794ರಲ್ಲಿ ಸರ್ವೆ ಶಾಲೆಯಾಗಿ ಶುರುವಾದದ್ದು. ಹುಡುಗಿ ಒಬ್ಬಳು ಅರ್ಜಿ ಹಾಕಿದರೆ ಏನು ಮಾಡಬೇಕು ಎಂಬ ಪ್ರಶ್ನೆಯೇ ಅಲ್ಲಿ ಎದ್ದಿರಲಿಲ್ಲ. ಸುಬ್ಬರಾವ್ ಮಗಳ ಪರವಾಗಿ ಪ್ರಿನ್ಸಿಪಾಲ್ ಕೆ.ಸಿ. ಚಾಕೊ ಅವರ ಜೊತೆ ಮಾತನಾಡಿದರು. ವಿಷಯ ಸಾರ್ವಜನಿಕ ಶಿಕ್ಷಣ ನಿರ್ದೇಶಕರಾಗಿದ್ದ ಆರ್.ಎಂ. ಸ್ಟ್ಯಾಥಮ್ ಅವರವರೆಗೆ ಹೋಯಿತು. ಇಬ್ಬರೂ ಒಪ್ಪಿದರು. 1940ರಲ್ಲಿ ಲಲಿತಾ ನಾಲ್ಕು ವರ್ಷದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕೋರ್ಸಿಗೆ ಸೇರಿದರು.

ಅಪ್ಪ ಅದೇ ಕಾಲೇಜಿನ ಪ್ರಾಧ್ಯಾಪಕರಾಗಿದ್ದರಿಂದ ಇದು ಸಾಧ್ಯವಾಯಿತು, ಎಲ್ಲರಿಗೂ ಆಗುತ್ತಿತ್ತೇ ಎಂದು ಯಾರಾದರೂ ಕೇಳಬಹುದು. ನಿಜ. ಪ್ರಾಧ್ಯಾಪಕರ ಮಗಳಲ್ಲದಿದ್ದರೆ ಆ ಅರ್ಜಿ ಅಷ್ಟು ದೂರ ಹೋಗುತ್ತಿರಲಿಲ್ಲ. ಆದರೆ ಆ ಕಾಲೇಜಿನಲ್ಲಿ ಅವರೊಬ್ಬರೇ ಪ್ರಾಧ್ಯಾಪಕರಾಗಿರಲಿಲ್ಲ, ಹೆಣ್ಣುಮಕ್ಕಳು ಅವರೊಬ್ಬರ ಮನೆಯಲ್ಲೇ ಇರಲಿಲ್ಲ. ವಿಧವೆ ಮಗಳಿಗಾಗಿ ಸಹೋದ್ಯೋಗಿಗಳ ಮುಂದೆ, ಮೇಲಧಿಕಾರಿಗಳ ಮುಂದೆ ನಿಂತು ಕೇಳಿದವರು ಅವರು. ಹದಿನೈದಕ್ಕೆ ಮಗಳ ಮದುವೆ ಮಾಡಿದ ಅಪ್ಪನೂ ಅವರೇ, ಮೂರು ವರ್ಷದ ಮಗುವಿನ ತಾಯಿಯನ್ನು ಎಂಜಿನಿಯರಿಂಗ್ ಕಾಲೇಜಿಗೆ ಸೇರಿಸಿದ ಅಪ್ಪನೂ ಅವರೇ. ಮನುಷ್ಯ ಬದಲಾಗುತ್ತಾನೆ.

ವಾರಕ್ಕೊಮ್ಮೆ ಅಮ್ಮ

ನೂರಾರು ಹುಡುಗರ ಕಾಲೇಜಿನಲ್ಲಿ ಒಬ್ಬಳೇ ಹುಡುಗಿ. ಕಾಲೇಜು ಅವರಿಗೆಂದೇ ಪ್ರತ್ಯೇಕ ಹಾಸ್ಟೆಲ್ ವ್ಯವಸ್ಥೆ ಮಾಡಿತು. ಮಗು ಲಲಿತಾ ಅವರ ಅಣ್ಣನ ಮನೆಯಲ್ಲಿ ಬೆಳೆಯಿತು. ಆ ಮನೆಯಲ್ಲಿ ಅದೇ ವಯಸ್ಸಿನ ಒಬ್ಬ ಗಂಡುಮಗುವೂ ಇದ್ದ. ವಾರವಿಡೀ ಹಾಸ್ಟೆಲ್, ತರಗತಿ, ಲ್ಯಾಬ್. ವಾರದ ಕೊನೆಗೆ ಅಮ್ಮ ಮಗಳನ್ನು ನೋಡಲು ಬರುತ್ತಿದ್ದರು.

ಹಾಗಾದರೆ ಮಗುವಿನ ಜೊತೆ ಇರಲೆಂದು ಎಂಜಿನಿಯರಿಂಗ್ ಆರಿಸಿಕೊಂಡವರು ಅದೇ ಮಗುವನ್ನು ಬಿಟ್ಟು ಹಾಸ್ಟೆಲ್ಲಿನಲ್ಲಿ ಇರಬೇಕಾಯಿತಲ್ಲ ಎಂದು ಅನಿಸಬಹುದು. ನನಗೂ ಅನಿಸಿತು. ಕೋರ್ಸಿನ ಕೆಲವು ವರ್ಷಗಳ ದೂರವನ್ನು ಸಹಿಸಿಕೊಂಡರೆ ಮುಂದಿನ ಇಡೀ ಬಾಲ್ಯವನ್ನು ಒಟ್ಟಿಗೆ ಕಳೆಯಬಹುದು ಎಂಬುದು ಅವರ ಲೆಕ್ಕ ಆಗಿತ್ತು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಆ ಲೆಕ್ಕವನ್ನು ಹೊರಗಿನವರು ಕೂತು ಸರಿ ತಪ್ಪು ಎಂದು ಹೇಳುವುದು ಸುಲಭ. ನಮ್ಮಕ್ಕ ಬಸ್ ಹತ್ತುವಾಗ ಹಿಂದೆ ತಿರುಗಿ ನೋಡುವುದಿಲ್ಲ. ನೋಡಿದರೆ ಇಳಿದುಬಿಡುತ್ತೇನೆ ಎನ್ನುತ್ತಾಳೆ. ಅವಳು ಬಿಟ್ಟಿರುವುದು ಒಂಬತ್ತು ಗಂಟೆ. ಲಲಿತಾ ಬಿಟ್ಟಿರುತ್ತಿದ್ದದ್ದು ಇಡೀ ವಾರ.

ಇಲ್ಲಿ ಕಾಣದೆ ಉಳಿಯುವ ಇನ್ನೊಬ್ಬರಿದ್ದಾರೆ. ಆ ಅಣ್ಣನ ಹೆಂಡತಿ. ತನ್ನ ಮಗುವಿನ ಜೊತೆಗೆ ನಾದಿನಿಯ ಮಗುವಿಗೂ ಉಣಿಸಿ, ಮೀಯಿಸಿ, ಮಲಗಿಸಿದ ಅತ್ತಿಗೆಯ ಹೆಸರು ಪ್ರಥಮಗಳ ಪಟ್ಟಿಯಲ್ಲಿ ಇರುವುದಿಲ್ಲ. ಆದರೆ ಆ ಮನೆಯಲ್ಲಿ ಆ ಕೆಲಸ ನಡೆಯದಿದ್ದರೆ ಲಲಿತಾ ಅವರ ಹೆಸರೂ ಆ ಪಟ್ಟಿಯಲ್ಲಿ ಇರುತ್ತಿರಲಿಲ್ಲ.

ಕಾಲೇಜಿನ ಹುಡುಗರು ತೊಂದರೆ ಕೊಡಲಿಲ್ಲ. ಅವರು ಮರ್ಯಾದೆಯಿಂದಲೇ ನಡೆದುಕೊಂಡರು ಎಂದು ಲಲಿತಾ ಅವರ ಮಗಳು ಮುಂದೆ ನೆನಪಿಸಿಕೊಂಡಿದ್ದಾರೆ. ಕಾಡಿದ್ದು ಒಂಟಿತನ. ಇದನ್ನು ಕಂಡ ಸುಬ್ಬರಾವ್, ಹುಡುಗಿಯರಿಗೂ ಪ್ರವೇಶ ಇದೆ ಎಂದು ಕಾಲೇಜು ಪ್ರಕಟಣೆ ಕೊಡಲಿ ಎಂದು ಸೂಚಿಸಿದರು. ಮರುವರ್ಷ ಲೀಲಮ್ಮ ಜಾರ್ಜ್ ಮತ್ತು ಪಿ.ಕೆ. ತ್ರೇಸ್ಯಾ ಸಿವಿಲ್ ವಿಭಾಗಕ್ಕೆ ಸೇರಿದರು. ಎರಡನೇ ಮಹಾಯುದ್ಧದ ಕಾಲವಾದ್ದರಿಂದ ಕೋರ್ಸಿನ ಅವಧಿಯನ್ನು ಕಡಿಮೆ ಮಾಡಲಾಗಿತ್ತು. ಹಾಗಾಗಿ ಒಂದು ವರ್ಷ ಕಿರಿಯರಾದ ಅವರಿಬ್ಬರೂ ಲಲಿತಾ ಅವರ ಜೊತೆಗೇ ಓದು ಮುಗಿಸಿದರು. ತ್ರೇಸ್ಯಾ ಮುಂದೆ ಕೇರಳದ ಲೋಕೋಪಯೋಗಿ ಇಲಾಖೆಯಲ್ಲಿ ಚೀಫ್ ಎಂಜಿನಿಯರ್ ಹುದ್ದೆಗೆ ಏರಿದರು. ಒಬ್ಬಳ ಒಂಟಿತನ ನೀಗಿಸಲು ಕೊಟ್ಟ ಪ್ರಕಟಣೆಯಿಂದ ಇನ್ನಿಬ್ಬರು ಎಂಜಿನಿಯರುಗಳು ಬಂದರು.

ಬಿಹಾರದ ಜಮಾಲ್‌ಪುರದ ರೈಲ್ವೆ ವರ್ಕ್‌ಶಾಪಿನಲ್ಲಿ ಲಲಿತಾ ಪ್ರಾಯೋಗಿಕ ತರಬೇತಿ ಪಡೆದರು. 1944ರ ಫೆಬ್ರುವರಿಯಲ್ಲಿ ಪದವಿ ಪ್ರಮಾಣಪತ್ರ ಕೈಗೆ ಬಂತು. ಪ್ರಮಾಣಪತ್ರದ ನಮೂನೆಯಲ್ಲಿ ಪದವೀಧರ ಅವನು ಎಂದೇ ಅಚ್ಚಾಗಿತ್ತು. ಅದನ್ನು ಹೊಡೆದುಹಾಕಿ ಅವಳು ಎಂದು ತಿದ್ದಬೇಕಾಯಿತು.

ಸಂಜೆ ಮನೆಗೆ ಬರುವ ಎಂಜಿನಿಯರ್

ಪದವಿ ಸಿಕ್ಕಿದ ಮೇಲೆ ಕೆಲಸ ಹುಡುಕುವ ನಮ್ಮಂಥವರಿಗೆ ಅವರ ಮುಂದಿನ ಹೆಜ್ಜೆಗಳು ಹೆಚ್ಚು ಹತ್ತಿರ ಅನಿಸುತ್ತವೆ. ಎಲ್ಲಿ ಸಂಬಳ ಜಾಸ್ತಿ ಎಂಬುದರ ಜೊತೆಗೆ ಎಲ್ಲಿ ಮಗಳ ಜೊತೆ ಇರಬಹುದು ಎಂಬುದನ್ನೂ ಅವರು ನೋಡಿದರು. ಮೊದಲ ಕೆಲಸ ಸಿಮ್ಲಾದ ಸೆಂಟ್ರಲ್ ಸ್ಟ್ಯಾಂಡರ್ಡ್ಸ್ ಆರ್ಗನೈಸೇಷನ್‌ನಲ್ಲಿ. ಅಲ್ಲಿ ಅಣ್ಣನ ಸಂಸಾರದ ಜೊತೆ ತಾಯಿ ಮಗಳು ಇರಬಹುದಿತ್ತು. ಕೆಲಸ ಮಾಡುತ್ತಲೇ ಲಂಡನ್ನಿನ ಇನ್‌ಸ್ಟಿಟ್ಯೂಷನ್ ಆಫ್ ಎಲೆಕ್ಟ್ರಿಕಲ್ ಎಂಜಿನಿಯರ್ಸ್ ಸಂಸ್ಥೆಯ ಗ್ರಾಜುಯೇಟ್‌ಶಿಪ್ ಪರೀಕ್ಷೆಯನ್ನೂ ಬರೆದರು.

ಆಮೇಲೆ ಕೆಲವು ತಿಂಗಳು ತಂದೆಯ ಸಂಶೋಧನೆಗೆ ನೆರವಾದರು. ಸುಬ್ಬರಾವ್ ಸುಮ್ಮನೆ ಕೂರುವ ಮನುಷ್ಯರಲ್ಲ. ಜೆಲೆಕ್ಟ್ರೋಮೋನಿಯಂ ಎಂಬ ವಿದ್ಯುತ್ ಸಂಗೀತ ವಾದ್ಯ, ಹೊಗೆ ಬಾರದ ಒಲೆ ಎಂದು ಏನಾದರೊಂದು ಮಾಡುತ್ತಲೇ ಇದ್ದರು. ಕೆಲಸ ಖುಷಿ ಕೊಡುತ್ತಿತ್ತು, ಆದರೆ ಮಗಳನ್ನು ಓದಿಸಲು ಖಚಿತ ಸಂಬಳ ಬೇಕಿತ್ತು. 1948ರಲ್ಲಿ ಲಲಿತಾ ಕಲ್ಕತ್ತಾದ ಅಸೋಸಿಯೇಟೆಡ್ ಎಲೆಕ್ಟ್ರಿಕಲ್ ಇಂಡಸ್ಟ್ರೀಸ್ ಕಂಪನಿಗೆ ಸೇರಿದರು. ಮುಂದಿನ ಸುಮಾರು ಮೂರು ದಶಕ ಅವರ ಕೆಲಸ ಅಲ್ಲಿಯೇ.

ವಿದ್ಯುತ್ ಸಾಗಣೆ ಮಾರ್ಗಗಳ ವಿನ್ಯಾಸ, ಸಬ್‌ಸ್ಟೇಷನ್‌ಗಳ ಲೇಔಟ್, ರಕ್ಷಣಾ ಸಾಧನಗಳು ಅವರ ಕ್ಷೇತ್ರ. ಎಲೆಕ್ಟ್ರಿಕಲ್ ಓದದ ಗೆಳೆಯರಿಗೆ ಹೇಳುವುದಾದರೆ, ಊರ ಹೊರಗೆ ಬೇಲಿಯೊಳಗೆ ಟ್ರಾನ್ಸ್‌ಫಾರ್ಮರ್‌ಗಳು ಗುಂಯ್‌ಗುಡುವ ಜಾಗ ನೋಡಿರುತ್ತೀರಲ್ಲ, ಅದು ಸಬ್‌ಸ್ಟೇಷನ್. ಅಲ್ಲಿ ಯಾವ ಬ್ರೇಕರ್ ಎಲ್ಲಿರಬೇಕು, ಎರಡು ತಂತಿಗಳ ನಡುವೆ ಎಷ್ಟು ಅಂತರ ಬೇಕು, ಲೈನಿನಲ್ಲಿ ದೋಷ ಬಂದರೆ ಎಷ್ಟು ಕರೆಂಟ್ ನುಗ್ಗಬಹುದು, ಅದನ್ನು ಕಣ್ಣು ಮಿಟುಕಿಸುವುದರೊಳಗೆ ಕತ್ತರಿಸುವುದು ಹೇಗೆ ಎಂಬುದನ್ನೆಲ್ಲ ಮೊದಲೇ ಲೆಕ್ಕ ಹಾಕಿ ನಕ್ಷೆ ಬರೆಯಬೇಕು. ಲೆಕ್ಕ ತಪ್ಪಿದರೆ ಜನ ಸಾಯುತ್ತಾರೆ. ನಾವು ಸಾಫ್ಟ್‌ವೇರಿನಲ್ಲಿ ಮಾಡುವ ಇಂಥ ಲೆಕ್ಕಗಳನ್ನು ಆ ಕಾಲದ ಎಂಜಿನಿಯರುಗಳು ಸ್ಲೈಡ್ ರೂಲ್ ಮತ್ತು ಪೆನ್ಸಿಲ್ ಹಿಡಿದು ಮಾಡುತ್ತಿದ್ದರು. ದೇಶ ಆಗತಾನೇ ಸ್ವತಂತ್ರವಾಗಿತ್ತು, ದೊಡ್ಡ ಅಣೆಕಟ್ಟುಗಳು ಏಳುತ್ತಿದ್ದವು. ಅವುಗಳಲ್ಲಿ ಒಂದಾದ ಭಾಕ್ರಾ ನಂಗಲ್ ಯೋಜನೆಯ ವಿದ್ಯುತ್ ಜನರೇಟರುಗಳ ಕೆಲಸದಲ್ಲಿ ಲಲಿತಾ ಅವರ ಪಾಲಿದೆ.

1953ರಲ್ಲಿ ಲಂಡನ್ನಿನ ಅದೇ ಸಂಸ್ಥೆ ಅವರನ್ನು ಅಸೋಸಿಯೇಟ್ ಸದಸ್ಯರನ್ನಾಗಿ, 1966ರಲ್ಲಿ ಪೂರ್ಣ ಸದಸ್ಯರನ್ನಾಗಿ ಆರಿಸಿತು. 1964ರಲ್ಲಿ ನ್ಯೂಯಾರ್ಕಿನಲ್ಲಿ ಮಹಿಳಾ ಎಂಜಿನಿಯರ್ ಮತ್ತು ವಿಜ್ಞಾನಿಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದಾಗ ಲಲಿತಾ ಅಲ್ಲಿಗೆ ಹೋದರು. ಭಾರತದಲ್ಲಿ ಮಹಿಳಾ ಎಂಜಿನಿಯರುಗಳ ಸಂಘವೇ ಇರಲಿಲ್ಲವಾದ್ದರಿಂದ ಯಾರ ಪ್ರತಿನಿಧಿಯಾಗಿಯೂ ಅಲ್ಲ, ತಾವೊಬ್ಬರೇ ಸ್ವಂತ ಹೆಸರಿನಲ್ಲಿ. ಮೂರು ವರ್ಷದ ನಂತರ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎರಡನೇ ಸಮ್ಮೇಳನ ನಡೆದಾಗ ಭಾರತದಿಂದ ಇನ್ನಷ್ಟು ಮಹಿಳಾ ಎಂಜಿನಿಯರುಗಳು ಹೋಗುವಂತೆ ಓಡಾಡಿದರು. ಗಿಂಡಿಯಲ್ಲಿ ತಂದೆ ತಮಗಾಗಿ ಮಾಡಿದ್ದನ್ನು ಅವರು ಬೇರೆಯವರಿಗಾಗಿ ಮಾಡಿದರು.

1977ರಲ್ಲಿ ನಿವೃತ್ತರಾದರು. 1979ರ ಅಕ್ಟೋಬರ್ 12ರಂದು ತೀರಿಕೊಂಡಾಗ ಅವರಿಗೆ ಅರವತ್ತು ವರ್ಷ. ಅವರು ಮರುಮದುವೆಯಾಗಲಿಲ್ಲ. ತಂದೆಯಿಲ್ಲದ ಕೊರತೆ ತನಗೆ ಕಾಡಲೇ ಇಲ್ಲ ಎಂದು ಮಗಳು ಹೇಳಿದ್ದಾರೆ. ಒಬ್ಬ ಎಂಜಿನಿಯರಿಗೆ ಸಿಗಬಹುದಾದ ಸದಸ್ಯತ್ವ, ಪ್ರಶಸ್ತಿಗಳೆಲ್ಲ ಒಂದು ಕಡೆ. ನಾಲ್ಕು ತಿಂಗಳ ಆ ಮಗು ದೊಡ್ಡವಳಾಗಿ ಹೀಗೆ ಹೇಳಿದ್ದು ಇನ್ನೊಂದು ಕಡೆ. ಲಲಿತಾ ಓದಿದ್ದು ಈ ಎರಡನೆಯದಕ್ಕೆ.

ನಮ್ಮ ಪಾಲು

ಲಲಿತಾ ಅವರ ಛಲ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಬದುಕಿನಿಂದ ಬರೀ ಛಲವನ್ನು ಎತ್ತಿಕೊಂಡರೆ ನಾವು ಅರ್ಧ ಮಾತ್ರ ಓದಿದಂತೆ. ಛಲವಿದ್ದರೆ ಸಾಕು, ಮಗುವಿನ ತಾಯಿಯೂ ಏನು ಬೇಕಾದರೂ ಸಾಧಿಸಬಹುದು ಎಂದು ಹೇಳಿ ಚಪ್ಪಾಳೆ ತಟ್ಟಿದರೆ, ಓದು ಬಿಟ್ಟ ಹೆಣ್ಣುಮಕ್ಕಳಿಗೆಲ್ಲ ಛಲ ಇರಲಿಲ್ಲ ಎಂದು ಹೇಳಿದಂತೆ ಆಗುತ್ತದೆ. ನಮ್ಮ ಇಬ್ಬರು ಚಿಕ್ಕಮ್ಮಂದಿರಿಗೂ ಬುದ್ಧಿ ಇತ್ತು, ಆಸೆ ಇತ್ತು. ಮಗುವನ್ನು ಹಿಡಿದುಕೊಳ್ಳುವ ಇನ್ನೊಂದು ಜೊತೆ ಕೈ ಇರಲಿಲ್ಲ.

ಲಲಿತಾ ಅವರಿಗೆ ಸಿಕ್ಕಿದ್ದನ್ನು ಎಣಿಸಿ ನೋಡಿ. ಪರವಾಗಿ ಮಾತನಾಡಲು ಒಬ್ಬ ಅಪ್ಪ. ನಿಯಮದ ನೆಪ ಹೇಳಿ ಅರ್ಜಿ ವಾಪಸ್ ಕಳಿಸದ ಒಬ್ಬ ಪ್ರಿನ್ಸಿಪಾಲ್. ಇರಲು ಒಂದು ಹಾಸ್ಟೆಲ್. ಮಗುವಿಗೆ ಅಣ್ಣ ಅತ್ತಿಗೆಯ ಮನೆ. ಜೊತೆಗೆ ಇಬ್ಬರು ಗೆಳತಿಯರು. ಇದರಲ್ಲಿ ಯಾವುದೂ ಪವಾಡವಲ್ಲ. ಎಲ್ಲವೂ ಮನುಷ್ಯರು ಮನಸ್ಸು ಮಾಡಿದರೆ ಆಗುವಂಥವು.

ಇವತ್ತು ನಿಯಮಗಳೂ ಸ್ವಲ್ಪ ನಮ್ಮ ಕಡೆಗಿವೆ. 2021ರ ಡಿಸೆಂಬರಿನಲ್ಲಿ ಯುಜಿಸಿ ಎಲ್ಲ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದು, ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೆ ಹೆರಿಗೆ ರಜೆ, ಹಾಜರಾತಿಯಲ್ಲಿ ರಿಯಾಯಿತಿ, ಪರೀಕ್ಷಾ ಅರ್ಜಿ ಸಲ್ಲಿಸಲು ಹೆಚ್ಚಿನ ಸಮಯ ಕೊಡಲು ತಕ್ಕ ನಿಯಮ ರೂಪಿಸಿಕೊಳ್ಳುವಂತೆ ಹೇಳಿದೆ. ಇದು ಎಷ್ಟು ವಿದ್ಯಾರ್ಥಿನಿಯರಿಗೆ ಗೊತ್ತು? ನಮ್ಮಕ್ಕನಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಿಮ್ಮ ತರಗತಿಯಲ್ಲಿ, ನಿಮ್ಮ ಮನೆಯಲ್ಲಿ ಯಾರಿಗಾದರೂ ಇದರ ಅಗತ್ಯವಿದ್ದರೆ ಕಾಲೇಜಿನ ಆಫೀಸಿಗೆ ಹೋಗಿ, ನಿಮ್ಮ ವಿಶ್ವವಿದ್ಯಾಲಯ ಏನು ನಿಯಮ ಮಾಡಿದೆ ಎಂದು ಬರವಣಿಗೆಯಲ್ಲಿ ಕೇಳಿ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಇನ್ನೊಂದು ಮಾತು, ವಿಶೇಷವಾಗಿ ನನ್ನಂಥ ಹುಡುಗರಿಗೆ. ಲಲಿತಾ ಅವರ ಕಥೆಯಲ್ಲಿ ನಮಗೆ ಒಂದು ಪಾತ್ರ ಇದ್ದರೆ ಅದು ಅಣ್ಣ ತಮ್ಮಂದಿರದು. ಅಕ್ಕನೋ ತಂಗಿಯೋ ಗೆಳತಿಯೋ ಹೆಂಡತಿಯೋ ಓದುತ್ತಿದ್ದಾಗ ಆಲ್ ದಿ ಬೆಸ್ಟ್ ಎಂದು ಸ್ಟೇಟಸ್ ಹಾಕುವುದಕ್ಕಿಂತ ಒಂದು ಬಕೆಟ್ ಮಗುವಿನ ಬಟ್ಟೆ ಒಗೆದು ಹಾಕುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅವಳ ಜೆರಾಕ್ಸ್ ನೋಟ್ಸ್ ತಂದುಕೊಡಿ. ಮಗುವನ್ನು ಒಂದು ಗಂಟೆ ಹೊರಗೆ ಎತ್ತಿಕೊಂಡು ಹೋಗಿ. ಓದು ಬಿಡಲಿ ಎಂದು ಕನಿಕರದಿಂದ ಹೇಳುವವರು ಮನೆಗೆ ಬಂದಾಗ, ಅವಳು ಉತ್ತರ ಕೊಡುವ ಮೊದಲು ನೀವು ಉತ್ತರ ಕೊಡಿ.

ಅಕ್ಕನ ಮೂರನೇ ಸೆಮಿಸ್ಟರ್ ಪರೀಕ್ಷೆಗಳು ಮುಂದಿನ ತಿಂಗಳು. ನನ್ನ ಐದನೇ ಸೆಮಿಸ್ಟರ್ ಪರೀಕ್ಷೆಗಳೂ ಆಗಲೇ. ವೇಳಾಪಟ್ಟಿ ಬಂದ ದಿನ ಇಬ್ಬರೂ ಕೂತು, ಯಾರ ಪೇಪರ್ ಯಾವ ದಿನ, ಆ ದಿನ ಮಗು ಯಾರ ಹತ್ತಿರ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇವೆ. ಒಂದೇ ಒಂದು ದಿನ ಇಬ್ಬರದೂ ಪರೀಕ್ಷೆ ಬಿದ್ದಿದೆ. ಆ ದಿನ ಅಪ್ಪ ರಜೆ ಹಾಕುತ್ತಾರಂತೆ.